ಸವಕಳಿಯ ಲೆಕ್ಕ

ವರ್ಷಾಂತ್ಯದಲ್ಲಿ ಕಿರ್ದಿ ಖಾತೆಗಳನ್ನು ಮುಗಿಸುವ ಪ್ರತಿಯೊಬ್ಬ ವರ್ತಕನೂ ಬರೆಯಲೇಬೇಕಾದ ಒಂದು ಕಲಮು ಸವಕಳಿ. ತಕ್ಕಡಿ, ಕಪಾಟು, ಗೋದಾಮಿನ ತಗಡು, ಸರಕಿನ ಲಾರಿ ಇವುಗಳ ಬೆಲೆ ಪ್ರತಿವರ್ಷವೂ ಇಷ್ಟಿಷ್ಟು ಕುಗ್ಗುತ್ತದೆಂದು ಒಪ್ಪಿ, ಆ ಮೊತ್ತವನ್ನು ಲಾಭದಿಂದ ಕಳೆದು ತೋರಿಸುವುದು ವಾಣಿಜ್ಯಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಪುಸ್ತಕದಲ್ಲಿ ಕಳೆದರಷ್ಟೇ ಸಾಲದು; ಜಾಣನಾದವನು ಅಷ್ಟು ಹಣವನ್ನು ಬೇರೆ ನಿಧಿಯಾಗಿಯೂ ಇಡುತ್ತಾನೆ. ಇಡದವನಿಗೆ ಲಾಭ ದೊಡ್ಡದಾಗಿ ಕಾಣುತ್ತದೆ, ಲಾರಿ ಕೆಟ್ಟು ನಿಂತ ದಿನ ಮಾತ್ರ ಕೈ ಬರಿದಾಗಿರುತ್ತದೆ. ಸೋಜಿಗವೆಂದರೆ, ಅಂಗಡಿಯಲ್ಲಿ ಈ ಲೆಕ್ಕವನ್ನು ತಪ್ಪದೆ ಬರೆಯುವ ಅದೇ ಗೃಹಸ್ಥನು ಸಂಜೆ ಟ್ರಸ್ಟಿನ ಸಭೆಯಲ್ಲಿ ಕುಳಿತಾಗ ಅದನ್ನು ಮರೆತುಬಿಡುತ್ತಾನೆ. ಊರಿನ ಕೆರೆ, ರಥ, ಚರಂಡಿ, ನೀರಿನ ತೊಟ್ಟಿ ಇವುಗಳಿಗೆ ಸವಕಳಿಯೇ ಇಲ್ಲವೆಂಬಂತೆ ಸಭೆ ನಡೆದುಹೋಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಊರುಗಳ ಸೀಮೆಯು ಕಳೆದ ಎಪ್ಪತ್ತು ವರ್ಷಗಳಲ್ಲಿ ಕಂಡಷ್ಟು ಆಡಳಿತದ ಬದಲಾವಣೆಗಳನ್ನು ಬೇರೆ ಸೀಮೆಗಳು ಕಂಡಿರುವುದು ಕಡಿಮೆ. 1953ರಲ್ಲಿ ಮದರಾಸಿನಿಂದ ಮೈಸೂರಿಗೆ ಬಂದ ನಾಡು ಇದು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಹಿಂದಿರುಗಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ತಾಲೂಕಾಯಿತು. 2021ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಯೊಳಗೆ ಬಂದವು. ಕಚೇರಿಗಳ ಬೋರ್ಡುಗಳು ಬದಲಾದವು. ಮಳೆ ಬದಲಾಗಲಿಲ್ಲ. ಮಳೆ ತಪ್ಪಿದ ವರ್ಷ ಕೂಡ್ಲಿಗಿ, ಹರಪನಹಳ್ಳಿಗಳ ತಾಂಡಾಗಳಿಂದ ಜನರು ಮಕ್ಕಳು ಮರಿಗಳೊಡನೆ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ.

2017ರ ಫೆಬ್ರವರಿ 21ರಂದು ಕೊಟ್ಟೂರಿನಲ್ಲಿ ಶ್ರೀ ಗುರು ಕೊಟ್ಟೂರೇಶ್ವರ ರಥೋತ್ಸವದ ವೇಳೆ ಅರುವತ್ತು ಅಡಿ ಎತ್ತರದ ತೇರು ಅಚ್ಚು ಮುರಿದು ಜನಸಾಗರದ ನಡುವೆ ಉರುಳಿತು. ಕೆಲವರು ಗಾಯಗೊಂಡರು. ಅಂದು ಸೇರಿದ್ದ ಭಕ್ತರ ಸಂಖ್ಯೆಯನ್ನು ನೆನೆದರೆ ಅಷ್ಟಕ್ಕೇ ಮುಗಿದುದು ಪುಣ್ಯವೆನ್ನಬೇಕು. ಇದನ್ನು ಇಲ್ಲಿ ಸ್ಮರಿಸುವುದು ಅನ್ಯ ಸಮಾಜದ ಉತ್ಸವದಲ್ಲಿ ದೋಷ ಹುಡುಕುವುದಕ್ಕಲ್ಲ. ಹಾಗೆ ಹುಡುಕುವ ಯೋಗ್ಯತೆ ಜೈನ ಸಮಾಜಕ್ಕೆ ಇಲ್ಲವೆಂಬುದನ್ನು 2025ರ ಜನವರಿ 28 ತೋರಿಸಿಕೊಟ್ಟಿತು. ಉತ್ತರ ಪ್ರದೇಶದ ಬಾಗಪತ್ ಜಿಲ್ಲೆಯ ಬಡೌತ್‌ನಲ್ಲಿ ಆದಿನಾಥ ಸ್ವಾಮಿಯ ನಿರ್ವಾಣ ಮಹೋತ್ಸವದಂದು, ಮಾನಸ್ತಂಭದ ಎತ್ತರಕ್ಕೆ ಏರಲೆಂದು ಕಟ್ಟಿದ್ದ ಮರದ ತಾತ್ಕಾಲಿಕ ಅಟ್ಟಣೆ ಕುಸಿದು ಏಳು ಮಂದಿ ಪ್ರಾಣ ಬಿಟ್ಟರು, ಅರುವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಜೀವದಯೆಯನ್ನೇ ಧರ್ಮದ ಮೂಲವೆನ್ನುವವರ ಉತ್ಸವದಲ್ಲಿ, ನಿರ್ವಾಣದ ದಿನ, ಏಳು ಪಂಚೇಂದ್ರಿಯ ಜೀವಗಳು ಹೋದವು. ಆ ಸುದ್ದಿಯನ್ನು ಓದಿ ವಿಧಿಯೆಂದು ನಿಟ್ಟುಸಿರುಬಿಟ್ಟ ಮನೆಗಳು ಬಹಳ. ತಮ್ಮ ಊರಿನ ಬಸದಿಯ ಅಟ್ಟಣೆಯನ್ನು ಹೋಗಿ ಅಲುಗಾಡಿಸಿ ನೋಡಿದವರು ಎಷ್ಟು ಮಂದಿಯೋ.

ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣವೆಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ಅದಕ್ಕೆ ಪ್ರಮಾದದ ಯೋಗವನ್ನು ಕೂಡಿಸಿದರು. ಎಚ್ಚರಗೇಡಿತನದಿಂದ ಕೂಡಿದ ನಡೆಯೇ ಹಿಂಸೆಯ ಬೀಜ. ಶ್ರಾವಕರ ಆಚಾರವನ್ನು ವಿವರಿಸಿದ ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯನ್ನು ಅನರ್ಥದಂಡದ ಐದು ಬಗೆಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಮುನಿಗಳಿಗಾದರೋ ಒಂದು ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ಒರಸಿ ಇಡಬೇಕೆಂಬ ಸಮಿತಿಯೇ ಇದೆ. ಇಷ್ಟು ಸೂಕ್ಷ್ಮವಾದ ಎಚ್ಚರವನ್ನು ಕಲಿಸಿದ ಪರಂಪರೆಯಲ್ಲಿ, ಸಾವಿರಾರು ಜನ ಹತ್ತುವ ಮೆಟ್ಟಿಲನ್ನು ಪರೀಕ್ಷಿಸದೆ ಬಿಡುವುದನ್ನು ಅಪಘಾತವೆಂದು ಕರೆದು ಕೈ ತೊಳೆದುಕೊಳ್ಳುವುದು ಹೇಗೆ? ಕೊಲ್ಲುವ ಸಂಕಲ್ಪವಿರಲಿಲ್ಲವೆಂಬುದು ನಿಜ. ನೋಡುವ ಸಂಕಲ್ಪವೂ ಇರಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಹಿಂದಿನ ವರ್ಷವಾದ 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಆ ಬರದ ಮರುವರ್ಷವೇ ತುಂಬಿದ ಜಲಾಶಯವನ್ನು ಕಂಡು ಜನರು ಹಿಗ್ಗಿದ್ದರು. ಹಡಗಲಿ, ಹಗರಿಬೊಮ್ಮನಹಳ್ಳಿ ತಾಲೂಕುಗಳ ಅಂಚಿನವರೆಗೂ ಅದರ ಹಿನ್ನೀರು ಚಾಚಿಕೊಂಡಿದೆ. ಕೆಳಗಿನ ಕಾಲುವೆಗಳನ್ನು ನಂಬಿದ ರೈತರಿಗಂತೂ ಆ ವಾರ ನಿದ್ರೆಯಿರಲಿಲ್ಲ. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುತ್ತಿದ್ದ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಇಳಿಸಿ ಒಂದು ವಾರದೊಳಗೆ ನೀರನ್ನು ತಡೆಯಲಾಯಿತು. ಮುಪ್ಪಿನ ಆ ಎಂಜಿನಿಯರರನ್ನು ನಾಡು ಕೊಂಡಾಡಿತು, ಕೊಂಡಾಡಬೇಕಾದುದೇ. ಆದರೆ 1953ರಲ್ಲಿ ನೀರು ತುಂಬಿದ ಅಣೆಕಟ್ಟಿನ ಸರಪಳಿಗೆ ವರ್ಷ ವರ್ಷವೂ ಎಣ್ಣೆ ಹಾಕಿ ಕೊಂಡಿ ಎಣಿಸುವ ಕೆಲಸದವನಿಗೆ ಯಾರೂ ಹಾರ ಹಾಕುವುದಿಲ್ಲ. ಅವನ ಕೆಲಸ ಸರಿಯಾಗಿ ನಡೆದರೆ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದಿದ್ದುದಕ್ಕೆ ಸನ್ಮಾನ ಸಮಾರಂಭ ಏರ್ಪಡಿಸಿದ ಉದಾಹರಣೆ ಎಲ್ಲಿಯೂ ಇಲ್ಲ.

ಹಳೆಯ ಕಾಲದಲ್ಲಿ ಊರಿಗೊಬ್ಬ ನೀರಗಂಟಿಯಿದ್ದನು. ತೂಬು ಎತ್ತುವುದು, ಕೋಡಿಯನ್ನು ನೋಡುವುದು, ಏರಿಯ ಮೇಲೆ ಬೆಳೆದ ಜಾಲಿಗಿಡ ಬೇರು ಬಿಡುವ ಮುನ್ನ ಕೀಳುವುದು ಅವನ ಹೊಣೆ. ಅವನಿಗೆ ಊರಿನವರು ಕಾಳು ಅಳೆದು ಕೊಡುತ್ತಿದ್ದರು. ಇಂದು 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು, ಅದಕ್ಕಿಂತ ಕಿರಿದಾದುದು ಪಂಚಾಯತಿಯದು. ಕೂಡ್ಲಿಗಿ ತಾಲೂಕಿನ 74 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯು ಆ ಸೀಮೆಗೆ ವರವೇ ಸರಿ. ಆದರೂ ಕೊಳವೆಯಲ್ಲಿ ಬಂದ ನೀರನ್ನು ಹಿಡಿದಿಡಬೇಕಾದುದು ಅದೇ ಹಳೆಯ ಏರಿ. ಅದರ ಮೇಲೆ ನಡೆದಾಡಿ ಬಿರುಕು ನೋಡುವವರು ಊರಿನೊಳಗಿನವರೇ ಆಗಬೇಕು.

2021ರಲ್ಲಿ ಹಡಗಲಿ ತಾಲೂಕಿನ ಮಕರಬ್ಬಿ ಗ್ರಾಮದಲ್ಲಿ ಕಲುಷಿತ ಕುಡಿಯುವ ನೀರಿನಿಂದ ಆರು ಮಂದಿ ಮರಣ ಹೊಂದಿದರು. ಕಾಯಿಲೆ ಬಿದ್ದವರು ನೂರಾರು. ಜೈನ ಗೃಹಸ್ಥನಿಗೆ ಈ ಘಟನೆ ಬೇರೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಬೇಕು. ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ಬಳಸುವುದು ಮನೆಯ ಮಗುವಿಗೂ ತಿಳಿದ ನಿಯಮ. ಸೋಸಿದ ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಯಾವ ಬಾವಿಯಿಂದ ನೀರು ತಂದಿತೋ ಆ ಬಾವಿಗೇ ಮೆಲ್ಲಗೆ ಹಿಂದಿರುಗಿಸಬೇಕೆಂಬ ಕಟ್ಟಳೆಯೂ ಉಂಟು. ಅಜ್ಜಿಯರು ಇದನ್ನು ವ್ರತದಂತೆ ನಡೆಸಿಕೊಂಡು ಬಂದರು. ನಲ್ಲಿ ಬಂದ ಮೇಲೆ ಬಟ್ಟೆ ನಲ್ಲಿಯ ಬಾಯಿಗೆ ಕಟ್ಟಿದ ಚಿಂದಿಯಾಯಿತು, ಆಮೇಲೆ ಯಂತ್ರ ಬಂತು. ಮನೆಯೊಳಗಿನ ನೀರು ಶುದ್ಧವಾಯಿತು. ಬೀದಿಯ ಕೊಳವೆಯಲ್ಲಿ ಏನು ಹರಿಯುತ್ತಿದೆಯೆಂಬ ಚಿಂತೆ ಮನೆಯ ಹೊಸ್ತಿಲು ದಾಟಲಿಲ್ಲ. ಸೂಕ್ಷ್ಮಜೀವಿಗಾಗಿ ಬಾವಿಯವರೆಗೆ ನಡೆದು ಹೋಗುತ್ತಿದ್ದ ಧರ್ಮವು ನೆರೆಮನೆಯ ಮಗುವಿಗಾಗಿ ಕೊಳವೆಯವರೆಗೆ ಹೋಗಲಾರದೆ? ಗ್ರಾಮದಲ್ಲಿಯೇ ನೀರನ್ನು ಪರೀಕ್ಷಿಸುವ ಕಿಟ್‌ಗಳನ್ನು ಸರ್ಕಾರವೇ ಪಂಚಾಯತಿಗಳ ಮೂಲಕ ಒದಗಿಸುತ್ತದೆ. ಅವುಗಳನ್ನು ತಿಂಗಳಿಗೊಮ್ಮೆ ಹೊರತೆಗೆದು ಬಳಸುವ ಇಬ್ಬರು ಶ್ರಾವಿಕೆಯರು ಒಂದು ಊರಿಗೆ ಸಾಕು.

ನಿರಾಶೆಯ ಮಾತೇ ಹೆಚ್ಚಾಯಿತು. ಇದೇ ಸೀಮೆಯಲ್ಲಿ ಕಣ್ಣು ತಣಿಸುವ ನಿದರ್ಶನವೂ ಇದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ ಶತಮಾನಗಳ ಹಿಂದೆ ಬೇಸಾಯಕ್ಕೆಂದು ಮನುಷ್ಯರು ಕಟ್ಟಿದ ಕೆರೆ. ಸುಮಾರು 98 ಹೆಕ್ಟೇರು ಹರಡಿರುವ ಆ ನೀರಿನ ನಡುವಿನ ಜಾಲಿಮರಗಳ ಮೇಲೆ ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಮೊದಲಾದ 30,000ಕ್ಕೂ ಮಿಕ್ಕಿದ ನೀರ್ವಕ್ಕಿಗಳು ಗೂಡುಕಟ್ಟಿ ತಂಗುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ಮತ್ತು ಮಾಗಡಿ ಕೆರೆಯೊಡನೆ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಸಂರಕ್ಷಣಾ ಮೀಸಲು ಎಂಬುದು ಅಭಯಾರಣ್ಯದಂತಲ್ಲ. ಸ್ಥಳೀಯರೊಡನೆ ಸಮಾಲೋಚಿಸಿಯೇ ಅದನ್ನು ಘೋಷಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗೆ ಕಾನೂನೇ ಸ್ಥಾನ ಕೊಟ್ಟಿದೆ. ಹಕ್ಕಿಗಳಿರಬೇಕಾದರೆ ಕೆರೆಯಲ್ಲಿ ನೀರಿರಬೇಕು, ಕೆರೆಯಲ್ಲಿ ನೀರಿದ್ದರೆ ಸುತ್ತಣ ಬಾವಿಗಳಿಗೂ ಉಸಿರು. ಅಭಯದಾನವೆಂದರೆ ಸಂತೆಯಲ್ಲಿ ಒಂದು ಕುರಿಯನ್ನು ಕೊಂಡು ಬಿಡಿಸುವುದೆಂದು ಮಾತ್ರ ತಿಳಿದವರು ಒಮ್ಮೆ ಮಕ್ಕಳೊಡನೆ ಅಂಕಸಮುದ್ರಕ್ಕೆ ಹೋಗಿ ಬರಬೇಕು.

ಅಲ್ಲಿಂದ ಬರುವಾಗ ಅದೇ ತಾಲೂಕಿನ ಕೋಗಳಿಗೂ ಹೋಗಬಹುದು. ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು 1055ರ ಶಾಸನವು ಹೇಳುವ ಪ್ರಾಚೀನ ಜಿನಾಲಯದ ಊರದು. ಅಲ್ಲಿಯ ಹೊಯ್ಸಳರ ಕಾಲದ ಒಂದು ಬರಹದಲ್ಲಿ ಹಲವು ಊರುಗಳ ಭಕ್ತರು ಚೆನ್ನಪಾರ್ಶ್ವದೇವರ ನಿತ್ಯಾಭಿಷೇಕಕ್ಕೆಂದು ಕೊಟ್ಟ ಹೊನ್ನಿನ ಪಟ್ಟಿಯಿದೆ. ವರ್ತಕನ ಕಣ್ಣಿಗೆ ಆ ಪಟ್ಟಿ ಬಲು ಪರಿಚಿತವೆನಿಸುತ್ತದೆ. ಕೊಟ್ಟವರು ಶಿಖರ ಕಟ್ಟಿಸಲಿಲ್ಲ, ಮಂಟಪಕ್ಕೆ ಹೆಸರಿಡಲಿಲ್ಲ. ದಿನವೂ ನಡೆಯಬೇಕಾದ ಒಂದು ಕೆಲಸ ನಿಲ್ಲದಿರಲಿ ಎಂದು ಮೂಲಧನವಿಟ್ಟರು. ಇಂದಿನ ದಾನಿಗಳು ಹೊಸ ಕಟ್ಟಡಕ್ಕೆ ಲಕ್ಷಗಟ್ಟಲೆ ಸವಾಲು ಕೂಗುತ್ತಾರೆ, ಸೋರುವ ಮಾಡಿನ ದುರಸ್ತಿಗೆ ಮುಂದೆ ಬರುವುದಿಲ್ಲ. ಹಳೆಯ ತೂಬಿಗೆ ಹೆಸರಿನ ಕಲ್ಲು ಕೂಡಿಸಲು ಜಾಗವಿಲ್ಲವೆಂಬುದೇ ಕಾರಣವಿರಬೇಕು.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ದೇವದ್ರವ್ಯವನ್ನು ಚರಂಡಿಗೂ ಕೆರೆಗೂ ಹಾಕಬಹುದೆ? ಕೂಡದು. ದೇವರಿಗೆಂದು ಅರ್ಪಿಸಿದುದು ದೇವರದೇ. ಅದನ್ನು ಪರೋಪಕಾರದ ಹೆಸರಿನಲ್ಲಿ ತಿರುಗಿಸುವುದೂ ದೋಷ, ಶಾಸ್ತ್ರದ ದೃಷ್ಟಿಯಲ್ಲಿಯೂ ಲೆಕ್ಕಪರಿಶೋಧಕನ ದೃಷ್ಟಿಯಲ್ಲಿಯೂ. ಆದುದರಿಂದ ದಾರಿ ಕೊಡುವ ಮುನ್ನವೇ ಇದೆ, ಕೊಟ್ಟ ಮೇಲಲ್ಲ. ದಾನಿಯು ರಸೀದಿಯಲ್ಲಿಯೇ ಇಂತಿಷ್ಟು ಭಾಗ ಪಾಲನೆಗೆ, ಇಂತಿಷ್ಟು ಊರಿನ ಜೀವರಕ್ಷೆಗೆ ಎಂದು ಬರೆಸಬಹುದು. ಟ್ರಸ್ಟಿನ ಸಾಧಾರಣ ನಿಧಿಯಿಂದ ರಥ, ಅಟ್ಟಣೆ, ವಿದ್ಯುತ್ ತಂತಿಗಳನ್ನು ಉತ್ಸವಕ್ಕೆ ಮುನ್ನ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಬಸದಿಯ ಬಾಗಿಲಿನಲ್ಲಿ ಅಂಟಿಸಲು ಯಾವ ಶಾಸ್ತ್ರವೂ ಅಡ್ಡಬರುವುದಿಲ್ಲ. ಈ ಐದು ತಾಲೂಕುಗಳಲ್ಲಿ ಜೈನರ ಮನೆಗಳು ಎಣಿಕೆಗೆ ಸಿಗುವಷ್ಟೇ. ಅವರಿಂದ ಏನಾದೀತೆಂದು ಕೈಕಟ್ಟಿ ಕೂರುವವರಿಗೆ ಕೋಗಳಿಯ ಪಟ್ಟಿಯೇ ಉತ್ತರ: ಅಲ್ಲಿ ಕೊಟ್ಟವರು ಒಂದೇ ಊರಿನವರಲ್ಲ, ಅವರೆಲ್ಲ ಸಿರಿವಂತರೂ ಆಗಿರಲಿಕ್ಕಿಲ್ಲ.

ಟ್ರಸ್ಟುಗಳ ಮುಂದಿನ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಕಳಶದ ಸವಾಲು, ಅತಿಥಿಗಳ ಆಹ್ವಾನ, ಹೊಸ ಯಾತ್ರಿನಿವಾಸದ ನಕಾಶೆ ಇವೆಲ್ಲ ಇರುತ್ತವೆ. ಜಮಾ ಖರ್ಚಿನ ಹಾಳೆಯಲ್ಲಿ ಖರ್ಚಿನ ಬದಿಗೆ ಇನ್ನೊಂದು ಸಾಲಿಗೆ ಜಾಗವಿದೆ.