ಪಿಟೀಲಿನ ದನಿ ಕೇಳಿಸತೊಡಗಿದ್ದು

2008ರ ಹೊತ್ತಿನ ಫೋಕ್ ಮೆಟಲ್ ಕಾರ್ಯಕ್ರಮಗಳಲ್ಲಿ ಪಿಟೀಲು ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಬೀಳುತ್ತಿರಲಿಲ್ಲ. ಕಲಾವಿದ ವೇದಿಕೆಯ ಅಂಚಿನವರೆಗೂ ಬಂದು ಬೆವರಿಳಿಸಿಕೊಂಡು ಕಮಾನು ಎಳೆಯುತ್ತಿದ್ದ. ನಮಗೆ ಕೇಳುತ್ತಿದ್ದುದು ಡ್ರಮ್ಮಿನ ಗುಡುಗು, ಗಿಟಾರುಗಳ ಮೊರೆತ. ಮನೆಯಲ್ಲಿ ಸಿ.ಡಿ. ಹಾಕಿ ಹಾಕಿ ಬಾಯಿಪಾಠವಾಗಿದ್ದ ರಾಗವನ್ನು ಅಲ್ಲಿ ನಿಂತವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರು. ಹಾಗೆ ತುಂಬಿಕೊಂಡೇ ಕುಣಿಯುತ್ತಿದ್ದರು.

ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಕೆಲಸ ಸಿಕ್ಕಿ ಬೆಂಗಳೂರು ಬಿಡುವ ಮೊದಲು ನಾನು ನೋಡಿದ್ದ ದೊಡ್ಡ ಮೆಟಲ್ ಕಾರ್ಯಕ್ರಮ ಒಂದೇ, 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ನಡೆದ ಐರನ್ ಮೇಡನ್ ಅವರದು. ಅಷ್ಟು ಜನರ ನೂಕುನುಗ್ಗಲಿನಿಂದ ಬಂದವನಿಗೆ ಇಲ್ಲಿಯ ಕ್ಲಬ್ಬುಗಳ ಚಿಕ್ಕ ವೇದಿಕೆ, ತಗ್ಗು ಛಾವಣಿ ಕಂಡು ಆಶ್ಚರ್ಯವಾಯಿತು. ಕಲಾವಿದನ ಬೆರಳುಗಳು ಕಾಣುವಷ್ಟು ಹತ್ತಿರ ನಿಲ್ಲಬಹುದಿತ್ತು. ಆ ಹತ್ತಿರವೇ ನನ್ನನ್ನು ಈ ಸಂಗೀತಕ್ಕೆ ಕಟ್ಟಿಹಾಕಿತು.

ಊರಿನ ಹಾಡು, ಕುಣಿತದ ಮಟ್ಟು, ಅಜ್ಜಂದಿರ ಕಾಲದ ವಾದ್ಯ, ಇವನ್ನು ಮೆಟಲ್ ಸಂಗೀತದೊಳಕ್ಕೆ ತಂದು ಸೇರಿಸಿದ್ದೇ ಫೋಕ್ ಮೆಟಲ್. 1990ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹುಟ್ಟಿದ ಸ್ಕೈಕ್ಲ್ಯಾಡ್ ತಂಡ ಇದಕ್ಕೆ ದಾರಿ ಹಾಕಿತು. ನಾನು ಯುರೋಪಿಗೆ ಬರುವ ಹೊತ್ತಿಗೆ ಅಲೆ ಏಳುತ್ತಿದ್ದುದು ಫಿನ್ಲೆಂಡಿನಿಂದ. ಹುಂಪ್ಪಾ ಎಂಬ ಅಲ್ಲಿಯ ಕುಣಿತದ ತಾಳವನ್ನು ಕರ್ಕಶ ಮೆಟಲ್‌ಗೆ ಬೆಸೆದವರು ಫಿನ್‌ಟ್ರೋಲ್. ಯೊನ್ನೆ ಯಾರ್ವೆಲಾ ಮೊದಲು ಸಾಮಿ ಜನರ ಯೋಯ್ಕ್ ಗಾಯನವನ್ನು ಆಧರಿಸಿ ಶಾಮನ್ ಎಂಬ ತಂಡ ನಡೆಸಿದರು. 2003ರಲ್ಲಿ ಅದೇ ತಂಡ ಕೊರ್ಪಿಕ್ಲಾನಿ ಎಂದು ಹೆಸರು ಬದಲಿಸಿಕೊಂಡು ಪಿಟೀಲು, ಅಕಾರ್ಡಿಯನ್ ಹಿಡಿದು ಕುಣಿತದ ಹಾಡುಗಳಿಗೆ ಇಳಿಯಿತು. ಮೈಗೆ ಕೆಂಪು ಕಪ್ಪು ಬಣ್ಣ ಬಳಿದು, ತುಪ್ಪಳ ಹೊದ್ದು ಬರುತ್ತಿದ್ದವರು ತುರಿಸಾಸ್.

ಇವರಲ್ಲಿ ಫಿನ್‌ಟ್ರೋಲ್ ತಂಡದ ಜಾನಪದ ದನಿಯೆಲ್ಲ ವೇದಿಕೆಯ ಮೇಲೆ ಕೀಬೋರ್ಡಿನಿಂದಲೇ ಬರುತ್ತಿತ್ತು. ಆಗ ಹಲವು ತಂಡಗಳ ಪಾಡು ಇದೇ. ಕೊಳಲು ಬೇಕೆಂದರೆ ಒಂದು ಗುಂಡಿ, ಬ್ಯಾಗ್‌ಪೈಪ್ ಬೇಕೆಂದರೆ ಇನ್ನೊಂದು. ಕೀಬೋರ್ಡಿನವರ ಕೌಶಲ ಸಣ್ಣದೆಂದು ನಾನು ಹೇಳಲಾರೆ. ಆದರೆ ಗಾಳಿಯಿಂದ ಹುಟ್ಟುವ ದನಿಗೆ ಉಸಿರಿನ ಏರಿಳಿತವಿರುತ್ತದೆ, ಗುಂಡಿಯಿಂದ ಹುಟ್ಟುವುದಕ್ಕೆ ಇರುವುದಿಲ್ಲ.

2008ರಲ್ಲಿ ಪೇಗನ್‌ಫೆಸ್ಟ್ ಎಂಬ ಪ್ರವಾಸ ಶುರುವಾಯಿತು. ಎನ್ಸಿಫೆರಮ್, ಕೊರ್ಪಿಕ್ಲಾನಿ, ಮೂನ್‌ಸಾರೊ, ಫ್ಯಾರೋ ದ್ವೀಪಗಳ ತ್ಯೂರ್, ಸ್ವಿಟ್ಜರ್‌ಲೆಂಡಿನ ಎಲುವೇಟಿ, ಐದು ತಂಡ ಒಂದೇ ಟಿಕೆಟ್ಟಿಗೆ. ಅಂಥ ಸಂಜೆಗಳಲ್ಲಿ ಪಿಟೀಲು ಏಕೆ ಕೇಳಿಸುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಕೆಲವು ವರ್ಷಗಳ ನಂತರ, ಒಂದು ಕ್ಲಬ್ಬಿನಲ್ಲಿ ಧ್ವನಿ ನಿಭಾಯಿಸುತ್ತಿದ್ದ ಗೆಳೆಯನಿಂದ. ಹಲವು ತಂಡಗಳು ಬಂದ ದಿನ ಪೂರ್ತಿ ಸೌಂಡ್ ಚೆಕ್ ಸಿಗುವುದು ಕೊನೆಯಲ್ಲಿ ನುಡಿಸುವ ಮುಖ್ಯ ತಂಡಕ್ಕೆ. ಮೊದಲು ಬರುವವರಿಗೆ ತಂತಿ ಸಿಕ್ಕಿಸಿ ಒಂದೆರಡು ಸಲ ಬಾರಿಸಿ ನೋಡುವಷ್ಟೇ ಸಮಯ. ಡ್ರಮ್ಮು, ಗಿಟಾರು ಅಷ್ಟರಲ್ಲಿ ಹೇಗೋ ಹೊಂದಿಕೊಳ್ಳುತ್ತವೆ, ಪಿಟೀಲು ಹೊಂದುವುದಿಲ್ಲ. ಅದರ ಮರದ ಮೈ ಟೊಳ್ಳು. ಎದುರಿಗೆ ಮೈಕ್ ಇಟ್ಟು ಧ್ವನಿ ಏರಿಸಿದರೆ ಹಿಂದಿನ ಡ್ರಮ್ಮೂ ಒಳಗೆ ನುಗ್ಗುತ್ತದೆ, ಸ್ಪೀಕರಿನಿಂದ ಹೊರಟದ್ದು ಮತ್ತೆ ಮೈಕಿಗೇ ಬಂದು ಕೀರಲು ಶಬ್ದ ಏಳುತ್ತದೆ. ಏರಿಸಿದರೆ ಕಿರುಚಾಟ, ಇಳಿಸಿದರೆ ಮೌನ. ಬಹುತೇಕ ಇಂಜಿನಿಯರುಗಳು ಇಳಿಸುತ್ತಿದ್ದರು.

ಇದನ್ನು ಬದಲಿಸಿದ ತಂತ್ರಗಳು ಹೊರಗಿನವರ ಕಣ್ಣಿಗೆ ಬೀಳದಂಥವು. ತಂತಿಯ ಕುದುರೆಯ ಕೆಳಗೆ ಕೂರಿಸುವ ಪುಟ್ಟ ಪಿಕಪ್ ಮರದ ಕಂಪನವನ್ನೇ ನೇರವಾಗಿ ಹಿಡಿಯುತ್ತದೆ. ಕಲಾವಿದರ ಕಾಲ ಬಳಿ ಅರಚುತ್ತಿದ್ದ ಮಾನಿಟರ್ ಸ್ಪೀಕರುಗಳು ಹೋಗಿ ಕಿವಿಯೊಳಗಿಡುವ ಮಾನಿಟರುಗಳು ಬಂದವು, ವೇದಿಕೆಯ ಗದ್ದಲ ತಗ್ಗಿತು. ಪ್ರತಿ ಹಾಡಿನ ಹೊಂದಾಣಿಕೆಯನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಮಿಕ್ಸರುಗಳು ಚಿಕ್ಕ ಕ್ಲಬ್ಬುಗಳಿಗೂ ಬಂದವು. ಇಷ್ಟೆಲ್ಲ ಆಗುವ ಹೊತ್ತಿಗೆ ಒಂದು ಸಂಜೆ ಕೊರ್ಪಿಕ್ಲಾನಿಯ ಪಿಟೀಲು ಹಾಲ್‌ನ ಹಿಂಬದಿಯ ಗೋಡೆಯವರೆಗೂ ಸ್ಪಷ್ಟವಾಗಿ ಬಂದು ತಲುಪಿತು. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ನನ್ನ ಭುಜ ಹಿಡಿದು ಕುಲುಕಿದರು. ಇಬ್ಬರಿಗೂ ಒಂದೇ ಸಂತೋಷ.

ಆದರೂ ನನ್ನ ಮನಸ್ಸು ಹೆಚ್ಚು ನಿಂತದ್ದು ಹರ್ಡಿ-ಗರ್ಡಿ ಎಂಬ ವಾದ್ಯದ ಮುಂದೆ. ಎಲುವೇಟಿ ತಂಡವನ್ನು ಕ್ರೀಗೆಲ್ ಗ್ಲಾನ್ಸ್‌ಮನ್ 2002ರಲ್ಲಿ ವಿಂಟರ್‌ತೂರ್ ಊರಿನಲ್ಲಿ ಕಟ್ಟಿದರು. ಆ ತಂಡದಲ್ಲಿ ಹರ್ಡಿ-ಗರ್ಡಿ ನುಡಿಸುತ್ತಿದ್ದವರು ಅನ್ನಾ ಮರ್ಫಿ. ಬಾಸೆಲ್ ಪಕ್ಕದ ಪ್ರಾಟೆಲ್ನ್‌ನಲ್ಲಿ ಜೆಡ್7 ಎಂಬ ಹಾಲ್ ಇದೆ, ನಮ್ಮೂರಿನಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರ. ಅಲ್ಲಿ ಅವರ ವಾದ್ಯವನ್ನು ಹತ್ತಿರದಿಂದ ನೋಡಿದ್ದೇನೆ. ಮರದ ಪೆಟ್ಟಿಗೆ, ಅದರೊಳಗೆ ರಾಳ ಸವರಿದ ಚಕ್ರ. ಬಲಗೈ ಹಿಡಿಕೆ ತಿರುಗಿಸಿದಾಗ ಚಕ್ರ ತಂತಿಗಳನ್ನು ಉಜ್ಜುತ್ತದೆ, ಎಡಗೈ ಕೀಲಿಗಳನ್ನು ಒತ್ತುತ್ತದೆ. ಕೆಲವು ತಂತಿಗಳು ನಮ್ಮ ತಂಬೂರಿಯ ಹಾಗೆ ಒಂದೇ ಶ್ರುತಿಯನ್ನು ಹಿಡಿದು ನಿಲ್ಲುತ್ತವೆ. ಮಣಿಕಟ್ಟಿಗೆ ಚುರುಕು ಕೊಟ್ಟರೆ ಸಡಿಲವಾಗಿ ಕೂತ ಒಂದು ಪುಟ್ಟ ಕುದುರೆ ಅದುರಿ, ತಾಳಕ್ಕೆ ತಕ್ಕ ಜುಂಯ್ ಎಂಬ ಸದ್ದು ಹೊರಡುತ್ತದೆ. ಚಕ್ರಕ್ಕೆ ತಾಗುವ ಜಾಗದಲ್ಲಿ ತಂತಿಗೆ ಹತ್ತಿ ಸುತ್ತಿರುತ್ತಾರೆ. ಹತ್ತಿ ಸ್ವಲ್ಪ ಹೆಚ್ಚಾದರೂ ಕಡಿಮೆಯಾದರೂ ದನಿ ಒಡೆಯುತ್ತದೆ. ಬೆವರು, ಬಿಸಿ ದೀಪ, ಜನರ ಉಸಿರಿನ ತೇವಕ್ಕೆಲ್ಲ ಶ್ರುತಿ ಜಾರುತ್ತದೆ. ಡಬಲ್ ಬಾಸ್ ಡ್ರಮ್ಮಿನ ಮುಂದೆ ಇಂಥ ಸೂಕ್ಷ್ಮ ವಾದ್ಯವನ್ನು ನಿಲ್ಲಿಸುವ ಧೈರ್ಯ ಇದ್ದವರು ಆಗ ಬಹಳ ಕಡಿಮೆ.

ಆಗ ಎಂಟು ಜನರ ತಂಡ ಅದು. ಚಿಕ್ಕ ವೇದಿಕೆಗಳಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗದಂತೆ ನಿಲ್ಲುವುದೇ ಕಷ್ಟ. 2008ರ 'ಸ್ಲಾನಿಯಾ' ಆಲ್ಬಂನ 'ಇನಿಸ್ ಮೋನಾ' ಹಾಡಿನ ರಾಗ ಬ್ರಿಟನಿಯ ಹಳೆಯ ಜಾನಪದ ಹಾಡೊಂದರಿಂದ ಬಂದದ್ದು. ಹರ್ಡಿ-ಗರ್ಡಿ ಅದನ್ನು ಎತ್ತಿಕೊಂಡ ಕೂಡಲೇ ಇಡೀ ಹಾಲ್ ದನಿಗೂಡಿಸುತ್ತದೆ. ಮರುವರ್ಷ ಅವರು ಗಿಟಾರಿನ ಅಬ್ಬರವನ್ನು ಬದಿಗಿಟ್ಟು, ಎಂದೋ ಅಳಿದುಹೋದ ಗಾಲಿಷ್ ಭಾಷೆಯಲ್ಲಿ ಹಾಡುವ 'ಎವೊಕೇಶನ್' ಆಲ್ಬಂ ಮಾಡಿದರು. ಮೆಟಲ್ ಪ್ರೇಕ್ಷಕರು ಅದನ್ನೂ ಕಿವಿಗೊಟ್ಟು ಕೇಳಿದರು. ಈ ಸಂಗೀತದ ಅಭಿಮಾನಿಗಳಿಗೆ ಗದ್ದಲ ಬಿಟ್ಟರೆ ಬೇರೇನೂ ಬೇಡ ಎನ್ನುವವರಿಗೆ ನಾನು ಈ ಉದಾಹರಣೆ ಕೊಡುತ್ತೇನೆ. 2016ರಲ್ಲಿ ಅನ್ನಾ ಮರ್ಫಿ ಇನ್ನಿಬ್ಬರ ಜೊತೆ ಹೊರಬಂದು ಸೆಲ್ಲಾರ್ ಡಾರ್ಲಿಂಗ್ ತಂಡ ಕಟ್ಟಿದಾಗ ನನಗೆ ನೋವಾಯಿತು. ಆದರೆ ಎಲುವೇಟಿ ಹರ್ಡಿ-ಗರ್ಡಿಯನ್ನು ಬಿಡಲಿಲ್ಲ. ಜೊತೆಗೆ ಮುಂದಿನ ವರ್ಷ ಫಾಬಿಯೆನ್ ಎರ್ನಿ ಹಾರ್ಪ್ ಹಿಡಿದು ಬಂದರು. ಒಬ್ಬ ಕಲಾವಿದೆ ಹೋದರೂ ವಾದ್ಯ ಉಳಿಯಿತು. ಅಷ್ಟು ಹೊತ್ತಿಗೆ ಈ ವಾದ್ಯಗಳು ವೇದಿಕೆಯಲ್ಲಿ ಬೇರೂರಿದ್ದವು.

ಜರ್ಮನಿಯವರ ದಾರಿಯೇ ಬೇರೆ. ಇಲ್ಲಿ ಬೇಸಿಗೆಯಲ್ಲಿ ಊರೂರಿಗೆ ಮಧ್ಯಯುಗದ ಸಂತೆ ಎಂಬ ಜಾತ್ರೆ ನಡೆಯುತ್ತದೆ. ಕಮ್ಮಾರ, ಕುಂಬಾರ, ಬಿಲ್ಲುಗಾರರ ನಡುವೆ ವಾದ್ಯದವರೂ ಇರುತ್ತಾರೆ. ಮೈಕ್ ಇಲ್ಲದೆ ಬಯಲಿಗೆಲ್ಲ ಕೇಳಬೇಕೆಂದು ದೊಡ್ಡ ದನಿಯ ಬ್ಯಾಗ್‌ಪೈಪ್ ಮಾಡಿಕೊಂಡವರು ಅವರು. 1995ರಲ್ಲಿ ಶುರುವಾದ ಇನ್ ಎಕ್ಸ್‌ಟ್ರೆಮೊ ತಂಡ ಇಂಥ ಸಂತೆಗಳಿಂದಲೇ ಮೆಟಲ್ ವೇದಿಕೆಗೆ ಏರಿತು. ಅವರ ಕಾರ್ಯಕ್ರಮದಲ್ಲಿ ಬೆಂಕಿಯ ಕಂಬಗಳು ಏಳುತ್ತಿದ್ದರೂ ಬ್ಯಾಗ್‌ಪೈಪ್ ಮುಂದೆ ಗಿಟಾರೇ ಸೋಲುತ್ತಿತ್ತು.

ಇನ್ನೊಂದು ವಿಷಯ ಹೇಳಲೇಬೇಕು. ಈ ಸಂಗೀತದ ಸುತ್ತ ಕಾಣುವ ರೂನ್ ಲಿಪಿ, ಥಾರನ ಸುತ್ತಿಗೆಯ ಪದಕ, ಪೂರ್ವಜರ ದೇವರುಗಳ ಜಪ, ಇವನ್ನು ಜರ್ಮನಿಯ ಜನಾಂಗದ್ವೇಷಿಗಳೂ ಬಳಸಿಕೊಳ್ಳುತ್ತಾರೆ. ಪೇಗನ್ ಎಂಬ ಹೆಸರಿನ ಕಾರ್ಯಕ್ರಮಕ್ಕೆ ಮೊದಲ ಸಲ ಹೊರಟಾಗ ನನ್ನ ಮೈಬಣ್ಣದವನಿಗೆ ಒಳಗೆ ಏನು ಕಾದಿದೆಯೋ ಎಂಬ ಅಳುಕಿತ್ತು. ಒಳಗೆ ಕಂಡವರು ಕೊಂಬಿನ ಲೋಟ ಹಿಡಿದು ನಗುತ್ತಿದ್ದ ಕಾಲೇಜು ಹುಡುಗರು, ನರ್ಸುಗಳು, ಮೆಕ್ಯಾನಿಕ್ಕುಗಳು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾ ಕುಣಿಯುವ ಮಾಷ್ ಪಿಟ್‌ನಲ್ಲಿ ಬಿದ್ದರೆ ನಾಲ್ಕು ಕೈ ಬಂದು ಎತ್ತುತ್ತಿದ್ದವು. ಆದರೆ ಒಮ್ಮೆ ಸಂಶಯಾಸ್ಪದ ಚಿಹ್ನೆ ಹೊಲಿದ ಜಾಕೆಟ್ಟಿನವನನ್ನು ಬಾಗಿಲಲ್ಲೇ ತಡೆದು ಕಳಿಸಿದ್ದನ್ನೂ ನೋಡಿದೆ. ಆ ಎಚ್ಚರ ಇದ್ದುದರಿಂದಲೇ ನನ್ನಂಥವರು ಒಳಗೆ ನಿರಾಳವಾಗಿ ಕುಣಿಯಲು ಸಾಧ್ಯವಾಯಿತು. ಈ ಸಂಗೀತವನ್ನು ಪ್ರೀತಿಸುವ ಪ್ರತಿಯೊಬ್ಬರೂ ಆ ಎಚ್ಚರ ಉಳಿಸಿಕೊಳ್ಳಬೇಕು.

2019ನ್ನು ನಾನು ತಿರುವಿನ ವರ್ಷ ಎನ್ನುತ್ತೇನೆ. ಉಲಾನ್‌ಬಾತರಿನ ದ ಹು ತಂಡ ಆ ವರ್ಷ ಯುರೋಪಿಗೆ ಬಂತು. ಕುದುರೆಯ ತಲೆ ಕೆತ್ತಿದ, ಎರಡೇ ತಂತಿಯ ಮೊರಿನ್ ಖೂರ್, ಗಂಟಲಿನಿಂದ ಹೊರಡುವ ಮಂಗೋಲಿಯಾದ ಗಾಯನ. ಯೂಟ್ಯೂಬ್ ನೋಡಿ ಬಂದಿದ್ದ ಜನ, ಒಂದು ಪದದ ಅರ್ಥ ಗೊತ್ತಿಲ್ಲದೆಯೂ ಜೊತೆಗೆ ಹಾಡಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ತರ ಜರ್ಮನಿಯ ವಾಕನ್ ಮೆಟಲ್ ಹಬ್ಬದಲ್ಲಿ ದೆಹಲಿಯ ಬ್ಲಡಿವುಡ್ ತಂಡ ನುಡಿಸಿತು. ವಾಕನ್ ಎರಡು ಸಾವಿರದಷ್ಟು ಜನರಿರುವ ಹಳ್ಳಿ, ಹಬ್ಬದ ದಿನಗಳಲ್ಲಿ ಅಲ್ಲಿಗೆ ಬರುವವರು ಎಪ್ಪತ್ತು ಸಾವಿರಕ್ಕೂ ಮಿಕ್ಕಿ. ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲೇ ಅಲ್ಲಿ ನುಡಿಸಿತ್ತು, ಅವರದು ಅಪ್ಪಟ ಹೆವಿ ಮೆಟಲ್. ಬ್ಲಡಿವುಡ್ ತಂದದ್ದು ಢೋಲ್. ಅದರ ಪೆಟ್ಟು ಎದೆಗೆ ತಾಗಿದಾಗ, ವರ್ಷಗಟ್ಟಲೆ ಬೇರೆಯವರ ಊರಿನ ಹಾಡಿಗೆ ಕುಣಿದ ನನ್ನ ಕಣ್ಣು ತುಂಬಿ ಬಂತು. ಸುತ್ತ ಬಿಳಿಯರು ಭಾಂಗ್ಡಾ ಹೆಜ್ಜೆ ಹಾಕುತ್ತಿದ್ದರು. ತಂಡದ ಸ್ವಂತ ಹಾಡುಗಳ ಮೊದಲ ಆಲ್ಬಂ 'ರಕ್ಷಕ್' ಬಂದದ್ದು ಆಮೇಲೆ, 2022ರಲ್ಲಿ.

ಮಧ್ಯೆ ಕೊರೊನಾ ಎಲ್ಲವನ್ನೂ ನಿಲ್ಲಿಸಿತು. ವಾಕನ್ 2020ರಲ್ಲೂ 2021ರಲ್ಲೂ ನಡೆಯಲಿಲ್ಲ. ನಮ್ಮ ಪಕ್ಕದ ಲುಡ್ವಿಗ್ಸ್‌ಬುರ್ಗ್‌ನ ರಾಕ್‌ಫಾಬ್ರಿಕ್, 1983ರಿಂದ ಈ ಸೀಮೆಯ ಮೆಟಲ್ ಅಭಿಮಾನಿಗಳ ಮನೆಯಂತಿದ್ದ ಕ್ಲಬ್ಬು, ಅದಕ್ಕೂ ಮೊದಲೇ 2019ರ ಕೊನೆಗೆ ಬಾಗಿಲು ಹಾಕಿತ್ತು. ಮತ್ತೆ ಪ್ರವಾಸಗಳು ಶುರುವಾದಾಗ ಬಸ್ಸಿನ ಬಾಡಿಗೆ, ಇಂಧನ, ಹೋಟೆಲು ಎಲ್ಲ ದುಬಾರಿ. ಎಂಟು ಜನರ ತಂಡವನ್ನು ಹೊತ್ತು ತಿರುಗುವುದು ಹೊರೆ. ಹಾಗಾಗಿ ಪಿಟೀಲಿನವರನ್ನು, ಕೊಳಲಿನವರನ್ನು ಮನೆಯಲ್ಲೇ ಬಿಟ್ಟು ಅವರ ಭಾಗವನ್ನು ಲ್ಯಾಪ್‌ಟಾಪಿನಿಂದ ಹಾಕುವ ತಂಡಗಳನ್ನು ಈಚೆಗೆ ನೋಡುತ್ತಿದ್ದೇನೆ. ದನಿ ಚೊಕ್ಕವಾಗಿರುತ್ತದೆ, ಎಲ್ಲಿಯೂ ಶ್ರುತಿ ತಪ್ಪುವುದಿಲ್ಲ. ನನಗೆ ಅದು ಬೇಡ. ದನಿ ಕೇಳಿಸದಿದ್ದರೂ ಕಲಾವಿದ ಎದುರಿಗಿದ್ದ 2008 ಇದಕ್ಕಿಂತ ಮೇಲು. ಹಣದ ಕಷ್ಟ ನಿಜ, ಆದರೆ ವಾದ್ಯವೇ ಬಾರದ ಮೇಲೆ ಅದನ್ನು ಫೋಕ್ ಮೆಟಲ್ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಕೊರ್ಪಿಕ್ಲಾನಿ ಈ ವಿಷಯದಲ್ಲಿ ಗಟ್ಟಿ. ತಮ್ಮ ಪಿಟೀಲಿನವರು ಬಿಟ್ಟಾಗ, ಹಿಂದೆ ತುರಿಸಾಸ್‌ನಲ್ಲಿದ್ದ ಒಲ್ಲಿ ವಾನ್ಸ್ಕಾ ಅವರನ್ನು ಕರೆತಂದರು. ಪಿಟೀಲು ವೇದಿಕೆಯ ಮೇಲೇ ಉಳಿಯಿತು.

ಯುರೋಪಿನಲ್ಲಿರುವ ಕನ್ನಡದ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ದೊಡ್ಡ ಹಬ್ಬಗಳಿಗೆ ಹಣ ಕೂಡಿಡುವಾಗ ಅದರಲ್ಲಿ ಒಂದಿಷ್ಟನ್ನು ನಿಮ್ಮ ಊರಿನ ಚಿಕ್ಕ ಹಾಲ್‌ಗೆ ಎತ್ತಿಡಿ. ಮೊದಲ ತಂಡ ಶುರುಮಾಡುವ ಮುನ್ನವೇ ಹೋಗಿ, ಅವರ ಮುಂದೆ ನಿಲ್ಲುವ ಜನ ಯಾವಾಗಲೂ ಕಡಿಮೆ. ಇಯರ್‌ಪ್ಲಗ್ ಮರೆಯಬೇಡಿ. ಟಿ-ಶರ್ಟ್ ಬೇಕಾದರೆ ಅಲ್ಲಿಯ ಮೇಜಿನಲ್ಲೇ ಕೊಳ್ಳಿ. ಸ್ಟ್ರೀಮಿಂಗ್‌ನಿಂದ ಬರುವ ಪುಡಿಗಾಸಿಗಿಂತ ಆ ಹಣ ದೊಡ್ಡದು. ಪಿಟೀಲಿನವರನ್ನು ಮುಂದಿನ ಪ್ರವಾಸಕ್ಕೂ ಬಸ್ಸಿನಲ್ಲಿ ಕೂರಿಸುವುದು ಆ ಹಣವೇ.