ಫ್ರಿಂಟನ್ನಿನ ಕಡಲತೀರ

ಇಂಗ್ಲೆಂಡ್ ದೇಶದ ಪೂರ್ವತೀರದಲ್ಲಿ, ಎಸೆಕ್ಸ್ ಪ್ರಾಂತದಲ್ಲಿರುವ ಫ್ರಿಂಟನ್ ಎಂಬುದು ಬಹು ಮರ್ಯಾದಸ್ಥರ ಊರು. 2000ನೆಯ ಇಸವಿಯವರೆಗೆ ಅಲ್ಲಿ ಒಂದು ಪಾನಗೃಹವೂ ಇರಲಿಲ್ಲವೆಂದರೆ ಅದರ ಆಚಾರನಿಷ್ಠೆಯನ್ನು ವಾಚಕರು ಊಹಿಸಿಕೊಳ್ಳಬಹುದು. ದಿಬ್ಬದ ಮೇಲೆ ಉದ್ದಕ್ಕೂ ಹಸುರು ಹುಲ್ಲುಹಾಸು. ಕೆಳಗೆ ಮರದ ಪುಟ್ಟ ಗುಡಿಸಲುಗಳ ಸಾಲು. ಅದರಾಚೆ ಬೂದುಬಣ್ಣದ ಸಮುದ್ರ. ಕಾಲ್ಚೆಸ್ಟರಿನಲ್ಲಿ ಮಗನ ಮನೆಯಲ್ಲಿ ತಂಗಿದ್ದಾಗ ನಾವು ಒಂದು ಮಧ್ಯಾಹ್ನ ರೈಲಿನಲ್ಲಿ ಅಲ್ಲಿಗೆ ಹೋದೆವು.

ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು ಊರುಗೋಲನ್ನೆತ್ತಿ ಕಡಲ ಕಡೆಗೆ ತೋರಿಸುತ್ತ, "ಅಗೋ, ನಮ್ಮ ಹಡಗುಗಳು ಅಲ್ಲಿಯೇ ನಿಂತಿದ್ದುವು" ಎಂದರು. ಯುದ್ಧದ ಹಡಗುಗಳಿರಬೇಕೆಂದು ನಾವು ಭಾವಿಸಿದೆವು. ಅವರು ನಕ್ಕು, "ಅಲ್ಲ, ಹಾಡಿನ ಹಡಗುಗಳು" ಎಂದರು.

ಆ ವೃತ್ತಾಂತವು ಹೀಗಿದೆ. 1960ರ ದಶಕದ ಆದಿಯಲ್ಲಿ ಬ್ರಿಟನ್ನಿನಲ್ಲಿ ರೇಡಿಯೋ ಪ್ರಸಾರದ ಅಧಿಕಾರವೆಲ್ಲ ಬಿ.ಬಿ.ಸಿ. ಸಂಸ್ಥೆಯೊಂದಕ್ಕೇ ಸೇರಿತ್ತು. ತಟ್ಟೆಗಳನ್ನು ಮಿತಿಮೀರಿ ನುಡಿಸಿದರೆ ವಾದ್ಯಗಾರರ ಜೀವನಕ್ಕೆ ಧಕ್ಕೆಯಾದೀತೆಂಬ ಭಯದಿಂದ ಆಗಿದ್ದ ಕರಾರಿನಂತೆ, ಆ ಸಂಸ್ಥೆಯು ಗ್ರಾಮಫೋನ್ ತಟ್ಟೆಗಳನ್ನು ಕೆಲವೇ ಗಂಟೆಗಳ ಕಾಲ ನುಡಿಸಬಹುದಾಗಿತ್ತು. ಬೀಟಲ್ಸ್ ಮೊದಲಾದವರ ಹಾಡುಗಳಿಗೆ ಹಂಬಲಿಸುತ್ತಿದ್ದ ತರುಣರಿಗೆ ಇದು ಅರೆಹೊಟ್ಟೆಯ ಊಟ. ಬ್ರಿಟಿಷ್ ಕಾನೂನು ಆಗ ತೀರದಿಂದ ಮೂರು ಮೈಲಿಯವರೆಗೆ ಮಾತ್ರ ನಡೆಯುತ್ತಿತ್ತು. ಐರ್ಲೆಂಡಿನ ರೋನನ್ ಓರಾಹಿಲಿ ಎಂಬ ತರುಣನು ಹಳೆಯ ಹಡಗೊಂದಕ್ಕೆ ಪ್ರಸಾರಯಂತ್ರವನ್ನು ಹೂಡಿ, ಆ ಎಲ್ಲೆಯಾಚೆ ಲಂಗರು ಹಾಕಿಸಿ, 1964ರ ಮಾರ್ಚ್ 28ರಂದು "ರೇಡಿಯೋ ಕೆರೊಲೈನ್" ಎಂಬುದನ್ನು ಆರಂಭಿಸಿದನು. ಅದೇ ಡಿಸೆಂಬರಿನಲ್ಲಿ ಗ್ಯಾಲಕ್ಸಿ ಎಂಬ ಹಡಗಿನಿಂದ "ರೇಡಿಯೋ ಲಂಡನ್" ಹೊರಟಿತು. ಜಾಹೀರಾತುಗಳೇ ಇವುಗಳ ವರಮಾನ. ಜನರು ಇವರನ್ನು ಕಡಲ್ಗಳ್ಳರೆಂದು ಅಕ್ಕರೆಯಿಂದಲೇ ಕರೆದರು.

ಆ ಬಾಳು ಸುಖದ್ದೇನೂ ಆಗಿರಲಿಲ್ಲ. 1966ರ ಜನವರಿಯಲ್ಲಿ ಬಿರುಗಾಳಿಗೆ ಲಂಗರು ಕಿತ್ತು, ಕೆರೊಲೈನಿನ "ಮೀ ಅಮಿಗೊ" ಹಡಗು ಇದೇ ಮರಳಿಗೆ ಬಂದು ಬಡಿಯಿತು. ಹಡಗಿನಲ್ಲಿದ್ದವರನ್ನು ಹಗ್ಗದ ಸಹಾಯದಿಂದ ದಡಕ್ಕೆಳೆದು ಉಳಿಸಿದರು.

ಸರಕಾರದ ಆಕ್ಷೇಪಣೆಗಳೂ ನಿರಾಧಾರವಾಗಿರಲಿಲ್ಲ. ಅನುಮತಿಯಿಲ್ಲದ ತರಂಗಗಳು ಇತರರ ಪ್ರಸಾರಕ್ಕೆ ಅಡ್ಡಿಮಾಡುವುವು. ಹಾಡುಗಳ ಒಡೆಯರಿಗೆ ಸಲ್ಲತಕ್ಕ ಹಣವು ಸರಿಯಾಗಿ ಸಲ್ಲುವುದಿಲ್ಲ ಎಂಬುದು ಅದರ ವಾದ. ಹಡಗನ್ನು ಮುಟ್ಟಲು ಅಧಿಕಾರವಿಲ್ಲದುದರಿಂದ ಅದರ ಅನ್ನನೀರನ್ನೇ ತಡೆಯುವ ಉಪಾಯವನ್ನು ಹೂಡಿದರು. 1967ರ ಆಗಸ್ಟ್ 14ರ ಮಧ್ಯರಾತ್ರಿಯಿಂದ, ಬ್ರಿಟಿಷ್ ಪ್ರಜೆಗಳು ಅಲ್ಲಿ ದುಡಿಯುವುದೂ, ಅಲ್ಲಿಗೆ ಸಾಮಗ್ರಿ ಒದಗಿಸುವುದೂ, ಜಾಹೀರಾತು ಕೊಡುವುದೂ ಅಪರಾಧವಾಯಿತು. ಕೆರೊಲೈನ್ ಹಟದಿಂದ ಮುಂದುವರಿದರೂ, ರೇಡಿಯೋ ಲಂಡನ್ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ನಿಂತಿತು.

"ನನಗಾಗ ಹದಿಮೂರು ವರ್ಷ" ಎಂದರು ಆ ವೃದ್ಧರು. "ಪುಟ್ಟ ಟ್ರಾನ್ಸಿಸ್ಟರನ್ನು ಕಿವಿಗಾನಿಸಿಕೊಂಡು ಇಲ್ಲಿಯೇ ನಿಂತಿದ್ದೆ. ಹಡಗು ಕಣ್ಣಿಗೆ ಕಾಣುತ್ತಲೇ ಇತ್ತು. ದನಿ ಮಾತ್ರ ಹೋಯಿತು. ರಾತ್ರಿ ದಿಂಬಿನಡಿ ಇಟ್ಟುಕೊಂಡು ಕೇಳುತ್ತಿದ್ದ ಪೆಟ್ಟಿಗೆ. ನಮ್ಮ ತಂದೆಗೆ ಅದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು."

ಈ ಕಡೆಯ ಮಾತು ನಮಗೆ ನಾಟಿತು. ಮೂವತ್ತೈದು ವರ್ಷಗಳ ಹಿಂದೆ ನಾವು ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದಾಗ, ಒಬ್ಬ ಹುಡುಗನ ದಿಂಬಿನಡಿಯಿಂದ ಅಂಥದೇ ಪೆಟ್ಟಿಗೆಯನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಶಬ್ದರೂಪಗಳನ್ನು ಬಾಯಿಪಾಠ ಮಾಡಬೇಕಾದವನಿಗೆ ಚಿತ್ರಗೀತೆ ಏತಕ್ಕೆಂಬುದು ನಮ್ಮ ನ್ಯಾಯ. ವರ್ಷಾಂತ್ಯದಲ್ಲಿ ಹಿಂದಿರುಗಿಸಿದಾಗ ಒಳಗಿನ ಸೆಲ್ಲುಗಳು ಸೋರಿ ಯಂತ್ರವೆಲ್ಲ ಕಿಲುಬುಗಟ್ಟಿತ್ತು. ಹುಡುಗನು ಒಂದೂ ಮಾತನಾಡದೆ ಅದನ್ನು ತೆಗೆದುಕೊಂಡು ಹೋದನು. ಅವನು ಬೈದಿದ್ದರೆ ಈ ವೇಳೆಗೆ ನಾವು ಮರೆತಿರುತ್ತಿದ್ದೆವೋ ಏನೋ.

ತಾರ್ಕಿಕರು ಶಬ್ದವನ್ನು ಆಕಾಶದ ಗುಣವೆನ್ನುತ್ತಾರೆ. ಆಕಾಶಕ್ಕೆ ಬೇಲಿ ಹಾಕಿದವರುಂಟೆ? ಹಡಗುಗಳನ್ನು ಅಡಗಿಸಲು ಕಾನೂನು ಬಂದ ನಲವತ್ತೇಳನೆಯ ದಿನ, ಸೆಪ್ಟೆಂಬರ್ 30ರಂದು, ಬಿ.ಬಿ.ಸಿ.ಯೇ "ರೇಡಿಯೋ ಒನ್" ಎಂಬ ಹಾಡುಗಳ ಕೇಂದ್ರವನ್ನು ತೆರೆಯಿತು. ಅದರಲ್ಲಿ ಮೊದಲು ಮಾತನಾಡಿದ ಟೋನಿ ಬ್ಲ್ಯಾಕ್‌ಬರ್ನ್ ಆ ಕಡಲ್ಗಳ್ಳರಲ್ಲೊಬ್ಬನೇ! ನಮ್ಮಲ್ಲಿಯೂ 1952ರಲ್ಲಿ ಆಕಾಶವಾಣಿಯು ಚಿತ್ರಗೀತೆಗಳನ್ನು ದೂರವಿಟ್ಟಾಗ ಜನರು ಸಿಲೋನ್ ರೇಡಿಯೋಗೆ ಕಿವಿಗೊಟ್ಟರು. 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಮಕ್ಕಳ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವ ಮೊದಲು, ಅವರು ಅದರಲ್ಲಿ ಏನನ್ನು ಕೇಳುತ್ತಿರುವರೆಂದು ಒಂದು ಗಳಿಗೆ ತಾವೂ ಕೇಳಿನೋಡುವುದು ಹಿರಿಯರಿಗೆ ಕ್ಷೇಮ.

ಕೆರೊಲೈನಿಗೆ 2017ರಲ್ಲಿ ಸರಿಯಾದ ಪರವಾನಗಿಯೇ ದೊರೆತು, ಅದು ಈಗ 648 ಕಿಲೋಹರ್ಟ್ಸ್ ತರಂಗದಲ್ಲಿ ಕೇಳಿಬರುತ್ತದೆ. ಆ ರಾತ್ರಿ ಮಗನ ಅಡಿಗೆಮನೆಯ ಹಳೆಯ ರೇಡಿಯೋದಲ್ಲಿ ಅದನ್ನು ಹಿಡಿದೆವು. ಹಾಡು ನಮಗೆ ಅಷ್ಟೇನೂ ರುಚಿಸಲಿಲ್ಲ. ಆದರೂ ಅದು ಮುಗಿಯುವವರೆಗೆ ನಿಲ್ಲಿಸಲು ಕೈ ಬರಲಿಲ್ಲ.