ಗೆರೆ ಸರಿದರೆ ಧಾತುವೇ ಬೇರೆ

ತಲೆಗೆ ಟೋಪಿ, ಬಾಯಿಗೆ ಮುಸುಕು, ಕೈಗೆ ಬಿಗಿಯಾದ ಗವಸು. ಮುತ್ತತ್ತಿಯಿಂದ ಬಂದ ನೀವು ಬೆಂಗಳೂರಿನ ಪೀಣ್ಯದಲ್ಲಿ, ಇಸ್ರೋದ ಲಿಯೋಸ್ ಪ್ರಯೋಗಾಲಯದೊಳಗೆ ನಿಂತಿದ್ದೀರಿ ಅಂದುಕೊಳ್ಳಿ. 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹ ರೂಪುಗೊಂಡದ್ದು ಇದೇ ಪೀಣ್ಯದಲ್ಲಿ. ಮಸೂರ ಒರೆಸಿದ ಸ್ಪಿರಿಟ್ಟಿನ ವಾಸನೆ ಮೂಗಿಗೇರುತ್ತಿದೆ. ನಿರ್ವಾತ ಪಂಪಿನ ಗುಂಯ್‌ಗುಡುವಿಕೆ ಅಂಗಾಲಿನಿಂದ ಎದೆಗೆ ಹತ್ತುತ್ತಿದೆ. ಎದುರಿಗಿರುವುದು ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಹೊತ್ತೊಯ್ಯಬೇಕಾದ ಉಪಕರಣ, ಲಿಬ್ಸ್.

ಅದರ ಲೇಸರ್ ಕಲ್ಲಿಗೆ ಬಡಿದರೆ ಚುಕ್ಕಿಯಷ್ಟು ಜಾಗ ಆವಿಯಾಗಿ ಪ್ಲಾಸ್ಮಾ ಆಗುತ್ತದೆ. ಆ ಮಿಂಚಿನಲ್ಲಿ ಪ್ರತಿ ಧಾತುವೂ ತನ್ನದೇ ತರಂಗಾಂತರದ ಗೆರೆಗಳನ್ನು ಬಿಟ್ಟುಕೊಡುತ್ತದೆ. ಗೆರೆ ಎಲ್ಲಿದೆ ಎಂಬುದೇ ಧಾತುವಿನ ಗುರುತು.

ಮೊದಲು ಕತ್ತಲನ್ನೇ ಅಳೆಯುತ್ತೀರಿ. ಬೆಳಕಿಲ್ಲದಾಗ ಸಂವೇದಕ ತಾನಾಗಿ ತೋರುವ ಅಂಕಿಯನ್ನು ಆಮೇಲೆ ಕಳೆಯಬೇಕು. ನಂತರ ಪಾದರಸದ ದೀಪ. ಅದರ ಹಸಿರು ಗೆರೆ 546.07 ನ್ಯಾನೋಮೀಟರಿನಲ್ಲಿ ನಿಲ್ಲಬೇಕು. ನಿಂತಿದೆ. ಈಗ ಏನೇನಿದೆಯೆಂದು ಮೊದಲೇ ಗೊತ್ತಿರುವ ಕಲ್ಲುಪುಡಿ. ಲೇಸರ್ ಕಣ್ಣಿಗೆ ಕಾಣದು. ಕನ್ನಡಕ ಸರಿಪಡಿಸಿಕೊಂಡು ಗುಂಡಿ ಒತ್ತುತ್ತೀರಿ. ಪರದೆಯ ಮೇಲೆ ಗೆರೆಗಳು ಎದ್ದು ನಿಲ್ಲುತ್ತವೆ.

ಚಂದ್ರನಲ್ಲಿ ಒಂದೇ ಉಷ್ಣತೆ ಇರದು, ಅದಕ್ಕೇ ಉಪಕರಣದ ಉಷ್ಣತೆ ಇಳಿಸುತ್ತೀರಿ. ಮತ್ತೆ ದೀಪ. ಗೆರೆ ಸರಿದಿದೆ! ಕೂದಲೆಳೆಯಷ್ಟು. ಗವಸಿನೊಳಗೆ ಅಂಗೈ ಬೆವರುತ್ತದೆ. ಗಂಟಲು ಒಣಗುತ್ತದೆ. ಬಿಟ್ಟುಬಿಡಲೇ? ಕೆಲಸ ಇವತ್ತೇ ಮುಗಿಯುತ್ತದೆ. ಆದರೆ ಕಬ್ಬಿಣ, ಟೈಟಾನಿಯಂ ಗೆರೆಗಳು ಒತ್ತೊತ್ತಾಗಿವೆ. ಇಷ್ಟು ಸರಿದರೂ ಸಾಕು, ಒಂದರ ಹೆಸರು ಇನ್ನೊಂದಕ್ಕೆ ಬಿದ್ದೀತು.

ನಿಮ್ಮೂರಿನ ಕಾವೇರಿ ದಂಡೆಯ ಬಂಡೆಯ ಬಗ್ಗೆ ಅನುಮಾನ ಬಂದರೆ ಇನ್ನೊಂದು ಚೂರು ತಂದರಾಯಿತು. ಚಂದ್ರನಲ್ಲಿ ರೋವರಿಗೆ ಸಿಗುವುದು ಒಂದು ಹಗಲು, ಅಂದರೆ ನಮ್ಮ ಸುಮಾರು 14 ದಿನ. ಅಲ್ಲಿ ತಿರುಪು ತಿರುಗಿಸಲು ಯಾರ ಕೈಯೂ ಇಲ್ಲ. 2019ರಲ್ಲಿ ಚಂದ್ರಯಾನ-2ರ ಲಿಬ್ಸ್ ಒಂದು ಕಲ್ಲನ್ನೂ ಮುಟ್ಟದೆ ವಿಕ್ರಮ್ ಲ್ಯಾಂಡರಿನ ಜೊತೆಗೇ ಅಪ್ಪಳಿಸಿತ್ತು.

ನೀವು ಬಿಡುವುದಿಲ್ಲ. ಒಂದೊಂದು ಉಷ್ಣತೆಗೂ ನಿಲ್ಲುತ್ತೀರಿ, ಅಳೆಯುತ್ತೀರಿ, ತಿದ್ದುಪಡಿಯ ಅಂಕಿ ಬರೆಯುತ್ತೀರಿ. ಬೆನ್ನು ಸೆಟೆದುಕೊಳ್ಳುತ್ತದೆ. ಕಣ್ಣು ಉರಿಯುತ್ತದೆ. ಆದರೂ ಮತ್ತೊಮ್ಮೆ.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯಿತು. ದಕ್ಷಿಣ ಧ್ರುವದ ಸಮೀಪದ ಮಣ್ಣಿನಲ್ಲಿ ಗಂಧಕವಿದೆಯೆಂದು ಅದೇ ತಿಂಗಳು ಲಿಬ್ಸ್ ಹೇಳಿತು. ರೋವರಿನ ಇನ್ನೊಂದು ಉಪಕರಣ ಎಪಿಎಕ್ಸ್‌ಎಸ್ ಬೇರೆ ವಿಧಾನದಲ್ಲಿ ಅದನ್ನೇ ಕಂಡಿತು. ಆ ಮಾತನ್ನು ಜಗತ್ತು ನಂಬಬೇಕಾದರೆ, ಗೊತ್ತಿರುವ ಕಲ್ಲಿನ ಮುಂದೆ ಉಪಕರಣ ಮೊದಲು ಸತ್ಯ ಹೇಳಿರಬೇಕು.